ಒಂದೂಕಾಲು ಗಂಟೆಯ ದೋಣಿ

ಅವನು ನೇರವಾಗಿ ಬಂದು ಅವಳ ಮಡಿಲಲ್ಲೇ ಕೂತುಬಿಟ್ಟ!

"ಅಯ್ಯೋ! ಏಳ್ರೀ ಮೇಲೆ!"

ಬಿಸಿಲಿನಿಂದ ಮ್ಯೂಸಿಯಂನ ಕತ್ತಲೆ ಕೋಣೆಗೆ ಬಂದವನಿಗೆ ಬಾಗಿಲ ಪಕ್ಕದ ಕುರ್ಚಿ ಕಂಡಿತ್ತು. ಅದರಲ್ಲಿ ಕೂತಿದ್ದ ಕಾವಲುಗಾತಿ ಕಂಡಿರಲಿಲ್ಲ.

"ಕ್ಷಮಿಸಿ... ಎದುರುಗಡೆ ಕನ್ನಡಕದ ಅಂಗಡಿ ಇದೆಯಲ್ಲ, ನಮ್ಮ ಸೋದರಮಾವನದು. ಅಲ್ಲಿ ಕೆಲಸ ಮಾಡ್ತೀನಿ."

"ಊರಿಗೆಲ್ಲ ಕಣ್ಣು ಕೊಡೋರು, ನಿಮಗೇ ಕಾಣಲ್ವಾ?"

ಕತ್ತಲಲ್ಲಿ ಅವನು ನಕ್ಕ. ಆ ನಗು ಅವಳ ಜೊತೆ ಮನೆಯವರೆಗೂ ಬಂತು...

ಕೋಣೆಯ ಗೋಡೆಯ ಮೇಲೆ ಹನ್ನೆರಡು ನಿಮಿಷದ ಚಿತ್ರ. ಮುಗಿದ ಕೂಡಲೇ ಮತ್ತೆ ಶುರು. ಹೆಣ್ಣೊಬ್ಬಳು ದೋಣಿ ಹತ್ತುತ್ತಾಳೆ. ಗಂಡೊಬ್ಬ ದಡದಲ್ಲೇ ಉಳಿಯುತ್ತಾನೆ. ದೋಣಿ ಮಂಜಿನಲ್ಲಿ ಮರೆಯಾಗುತ್ತದೆ. ಆಮೇಲೆ... ತಿರುಗಿ ಬರುತ್ತದೆ! ಜನ ನಡುವೆ ಬಂದು ನಡುವೆಯೇ ಎದ್ದು ಹೋಗುತ್ತಾರೆ. ಅವರವರು ಕಂಡಷ್ಟೇ ಅವರವರ ಕಥೆ.

ಅವನು ದಿನಾ ಬರತೊಡಗಿದ. ಊಟದ ಬಿಡುವಿನಲ್ಲಿ, ಸರಿಯಾಗಿ ಒಂದೂಕಾಲಿಗೆ. ಆರು ನಿಮಿಷ ಬೆಂಚಿನಲ್ಲಿ ಕೂತು ಎದ್ದು ಓಡುತ್ತಿದ್ದ. ಬೆಳಿಗ್ಗೆ ಹತ್ತು ಹೊಡೆಯುತ್ತಲೇ ಅವಳು ಚಿತ್ರ ಹಚ್ಚುತ್ತಿದ್ದುದರಿಂದ ಆ ಹೊತ್ತಿಗೆ ದಿನಾ ಅದೇ ಭಾಗ. ದೋಣಿ ಹೋಗುವುದನ್ನಷ್ಟೇ ಕಂಡ ಅವನು, ಬರುವುದನ್ನು ಒಂದು ದಿನವೂ ಕಾಣಲಿಲ್ಲ.

"ಹೋದೋರು ಹೋದ್ರು, ಅಲ್ವಾ?" ಅಂದ ಒಮ್ಮೆ. "ನನಗೆ ನಿಶ್ಚಯ ಆಗಿದ್ದ ಹುಡುಗೀನೂ ಹೀಗೇ ಬಿಟ್ಟು ಹೋದ್ಲು."

ಅವಳ ಎದೆ ಚುರಕ್ಕೆಂದಿತು. 'ಅವಳನ್ನ ನೆನೆಯಲು ಇಲ್ಲಿ ಬರುತ್ತಾನೆ! ಇವನ ಪಾಲಿಗೆ ನಾನೊಂದು ಕುರ್ಚಿ, ಅಷ್ಟೇ...'

ದೋಣಿ ತಿರುಗಿ ಬರುತ್ತದೆಂದು ಹೇಳಿಬಿಡೋಣವೆಂದರೆ, ನೋಡಲು ಬಂದವರಿಗೆ ನೌಕರರು ಕಥೆ ಹೇಳಕೂಡದೆಂಬ ನಿಯಮ.

ಪ್ರದರ್ಶನದ ಕೊನೆಯ ದಿನ ಬಂದೇ ಬಿಟ್ಟಿತು. ನಾಳೆ ಗೋಡೆ ಖಾಲಿ. ಅವನು ಇಲ್ಲಿಗೆ ಬರಲು ಕಾರಣವೂ ಇಲ್ಲ. 'ನನ್ನವನಾಗದಿದ್ದರೂ ಸರಿ, ದೋಣಿಯವಳು ತಿರುಗಿ ಬರುವುದನ್ನು ನೋಡಿಕೊಂಡು ಹೋಗಲಿ!' ಮೂರು ತಿಂಗಳಲ್ಲಿ ಮೊದಲ ಸಲ, ಚಿತ್ರವನ್ನು ಆರು ನಿಮಿಷ ತಡವಾಗಿ ಹಚ್ಚಿದಳು.

ಒಂದೂಕಾಲು ಆಯಿತು. ದೋಣಿ ತಿರುಗಿ ಬಂತು. ಅವನು ಬರಲಿಲ್ಲ!

ಅವಳ ಕಣ್ಣು ತುಂಬಿತು.

ಆರು ನಿಮಿಷದ ಮೇಲೆ ಏದುಸಿರು ಬಿಡುತ್ತ ಬಂದವನು ಗೋಡೆ ನೋಡಿ ಪೆಚ್ಚಾದ.

"ಮತ್ತೆ ಹೋಗ್ತಿದಾಳೆ! ದಿನಾ ಎದ್ದು ಹೋಗೋ ಹೊತ್ತಿಗೆ ಇವತ್ತು ಬೇಕಂತಲೇ ಬಂದೆ. ಮುಂದಿನದು ನೋಡೋಣ ಅಂತ!"

"ಅಯ್ಯೋ ದೇವರೇ... ನಾನೂ ಆರು ನಿಮಿಷ ತಡವಾಗಿ ಹಚ್ಚಿದೆ. ನಿಮಗೆ ಅದೇ ಕಾಣ್ಲಿ ಅಂತ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬೆಂಚಿನ ಕೊನೆಯಲ್ಲಿದ್ದ ಅಜ್ಜಿಯೊಬ್ಬರು "ಶ್!" ಎಂದರು.

"ನನಗೋಸ್ಕರಾನಾ?" ಬೆಂಚಿನಲ್ಲಿ ಕೂರುತ್ತ ಅವನು ದನಿ ತಗ್ಗಿಸಿದ.

"ನೀವು ಬರೋದು ಆ ಹುಡುಗಿ ನೆನಪಿಗೆ ತಾನೇ?"

"ಅವಳನ್ನ ಮರೆತು ಎಷ್ಟೋ ದಿನ ಆಯ್ತು. ಅರ್ಧ ಊಟ ಬಿಟ್ಟು ಓಡಿ ಬರ್ತಿದ್ದದ್ದು ನಿಮ್ಮನ್ನ ನೋಡೋಕೆ ಕಣ್ರೀ..."

ಅವಳು ಕುರ್ಚಿ ಬಿಟ್ಟು ಬಂದು ಅವನ ಪಕ್ಕ ಬೆಂಚಿನಲ್ಲಿ ಕೂತಳು.

"ಹೊತ್ತಾಯ್ತು. ನಿಮ್ಮ ಮಾವ ಬೈತಾರೆ ನೋಡಿ."

"ಬೈಲಿ ಬಿಡಿ. ದೋಣಿಯವಳು ತಿರುಗಿ ಬರ್ತಾಳಾ?"

"ಹೇಳೋ ಹಾಗಿಲ್ಲ. ನಿಯಮ."

ದೋಣಿ ಮಂಜಿನಲ್ಲಿ ಮರೆಯಾಯಿತು. ಅವನು ಅವಳ ಕೈ ಹಿಡಿದುಕೊಂಡ. ಮೆಲ್ಲಗೆ ಮಂಜು ಸರಿಯಿತು...

"ಬಂದ್ಲು!" ಎಂದ ಅವನು ಮಗುವಿನಂತೆ. ಆಮೇಲೆ ಅವಳತ್ತ ತಿರುಗಿ ಕೇಳಿದ, "ನಾಳೆಯಿಂದ ಒಂದೂಕಾಲಿಗೆ ನಾನೆಲ್ಲಿಗೆ ಹೋಗ್ಲಿ?"

"ಎಲ್ಲಿಗೂ ಬೇಡ. ನಾನೇ ಬರ್ತೀನಿ. ಅಂಗಡೀಲಿ ಒಂದು ಕುರ್ಚಿ ಹಾಕಿಡಿ... ನಾನು ಕೂತಿದೀನಾ ಅಂತ ನೋಡ್ಕೊಂಡು ಕೂತ್ಕೊಳ್ಳಿ, ಅಷ್ಟೇ!"