ಪೊರೆಯ ಹೊರಗೆ

ಗಾಜಿನ ಕೋಣೆಯ ನಡುವೆ ತೂಗುಹಾಕಿದ್ದ ತಿಳಿಯಾದ ಚೀಲದೊಳಗೆ ಕೂಸು ಹೊರಳಿ ಮಲಗಿತು. ಹೊರಳುವಾಗ ಅದರ ಹಿಮ್ಮಡಿ ಒತ್ತಿ ಚೀಲದ ಪೊರೆ ಕೊಂಚ ಹಿಗ್ಗಿತು, ಮತ್ತೆ ತನ್ನ ಆಕಾರಕ್ಕೆ ಬಂತು. 2061ರಲ್ಲಿ ಧಾರವಾಡದ ಆ ಆಸ್ಪತ್ರೆಗೆ ಬಂದವರೆಲ್ಲ ಮೊದಲು ನೋಡಬೇಕೆನ್ನುತ್ತಿದ್ದುದು ಇದನ್ನೇ.

ಇದರ ಹೆಸರು ಮರುಪೊರೆ. ಗರ್ಭದಲ್ಲಿ ಕೂಸನ್ನು ಎರಡು ಪೊರೆಗಳು ಸುತ್ತಿಕೊಂಡಿರುತ್ತವೆ. ಒಳಗಿನದು ಆಮ್ನಿಯಾನ್, ಹೊರಗಿನದು ಕೋರಿಯಾನ್. ಅವು ಹಿಡಿದಿಟ್ಟ ನೀರಿನಲ್ಲಿ ಕೂಸು ತೇಲುತ್ತದೆ. ಹೊತ್ತಿಗೆ ಮುಂಚೆ ಅವು ಹರಿದರೆ ನೀರು ಹೋಗುತ್ತದೆ, ಸೋಂಕು ಏರುತ್ತದೆ. ಹರಿದ ಪೊರೆಯ ಜೀವಕೋಶಗಳಿಂದಲೇ ಹೊಸ ಪೊರೆಯನ್ನು ಬೆಳೆಸುವ ಬಗೆಯನ್ನು ಡಾ. ಶಾರ್ವರಿ ಹಂಚಿನಮನಿ ಕಂಡುಹಿಡಿದರು. ಹೊಕ್ಕುಳಬಳ್ಳಿಯನ್ನು ಯಂತ್ರಕ್ಕೆ ಜೋಡಿಸಿ ಕೂಸನ್ನು ಆ ಪೊರೆಯ ಚೀಲದಲ್ಲಿಟ್ಟರೆ ತಿಂಗಳು ತುಂಬುವವರೆಗೆ ನಿಶ್ಚಿಂತೆ. ನಿಶ್ಚಿಂತೆ ಕೂಸಿಗೆ, ಎಂದು ಸೇರಿಸಬೇಕು. ತಾಯಿಯ ಪಾಡೇನೆಂದು ಯಾವ ಮಹಾಶಯರೂ ಕೇಳಿರಲಿಲ್ಲ.

ತಾಯಿ ಸುನಿಧಿ ಗಾಜಿನಾಚೆಯ ಬೆಂಚಿನ ಮೇಲೆ ಕೂತಿದ್ದಳು. ಬಸುರಿಗೆ ಉಡಿ ತುಂಬಿ ಮಾಡುವ ಏಳನೆಯ ತಿಂಗಳ ಕುಬಸಕ್ಕೆಂದು ಹಸಿರು ಸೀರೆ, ಬಳೆ ತಂದಿಟ್ಟಿದ್ದಾಗಲೇ ಅವಳ ಪೊರೆ ಹರಿದು ನೀರು ಹೋಗಿತ್ತು. ಸೀರೆ ಟ್ರಂಕು ಸೇರಿತು, ಕೂಸು ಮರುಪೊರೆ ಸೇರಿತು. ಈಗ ಹೊಟ್ಟೆ ಬರಿದು, ಆದರೆ ಕೂಸು ಹುಟ್ಟಿಲ್ಲ. ಓಣಿಯವರು "ಹಡದ್ಯೇನವಾ?" ಎಂದರೆ ಹೂಂ ಅನ್ನಲಾಗದು, ಉಹೂಂ ಎಂದರೂ ಸುಳ್ಳು. ಬಸುರಿಯ ಬಯಕೆಯೂಟವಿಲ್ಲ, ಬಾಣಂತಿಯ ಎಣ್ಣೆ-ನೀರೂ ಇಲ್ಲ. ಗಂಡ ದೂರದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಕೂಸು ಹುಟ್ಟಿದ ಮೇಲಷ್ಟೇ ಅವನಿಗೆ ರಜೆ. ಬರಿಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಬ್ಬಳೇ ಕೂತು ಅವಳು ದಿನ ಕಳೆಯುತ್ತಿದ್ದಳು.

ಅವತ್ತು ಮಧ್ಯಾಹ್ನ ಎದ್ದು ಶಾರ್ವರಿಯ ಎದುರು ನಿಂತಳು.

"ಡಾಕ್ಟರ, ಇವತ್ತ ಪೊರಿ ಒಡೀರಿ. ನನ್ನ ಕೂಸು ನನ್ನ ಕೈಯಾಗ ಕೊಡ್ರಿ."

"ಇನ್ನಾ ಪುಪ್ಪುಸ ಬಲಿತಿಲ್ಲವಾ. ಈಗ ತಗದ್ರ ಉಸರಾಡೂದಿಲ್ಲ."

"ತಾಯಿ ಒಲ್ಲೆ ಅಂದ್ರ ನೀವು ಇಟಗೊಳ್ಳಾಕ ಬರಂಗಿಲ್ಲಂತ. ನರ್ಸ್‌ಬಾಯಿ ಹೇಳ್ಯಾರ."

ಅದು ನಿಜ, ಕಾನೂನು ಹಾಗೇ ಇತ್ತು. ಶಾರ್ವರಿಗೆ ಗಾಬರಿಯಾಯಿತು. ಸಮಾಧಾನ ಹೇಳಲು ಹೋಗಿ, ತಮಗೆ ತೀರಾ ಇಷ್ಟವಾದ ಸಂಗತಿಯನ್ನೇ ಹೇಳಿದರು.

"ಒಂದ್ ಮಾತ್ ಕೇಳವಾ. ಪೊರಿ ತಾಯಿ ಮೈಯಿಂದ ಆಗೂದಲ್ಲ. ಮೊದಲಿನ ಪೊರೀನೂ ಕೂಸ ತಾನ ಮಾಡ್ಕೊಂಡಿತ್ತು. ಈಗ್ಲೂ ಅದರವೇ ಜೀವಕೋಶ. ತನ್ನ ಮನ್ಯಾಗ ತಾನು ಆರಾಮ ಐತಿ."

"ಹಂಗಾದ್ರ ನಾ ಯಾಕ ಬೇಕ್ರೀ?"

ಅಯ್ಯೋ, ಸಮಾಧಾನದ ಮಾತೇ ಚುಚ್ಚಿತೆಂದು ಶಾರ್ವರಿಗೆ ತಿಳಿಯಿತು. ಕೂಡಲೇ ಸುನಿಧಿಯ ಅತ್ತೆಗೆ ಫೋನ್ ಮಾಡಿದರು. "ನಿಮ್ಮ ಸೊಸಿ ಭಾಳ ಒಬ್ಬಾಕಿ ಆಗ್ಯಾಳ್ರೀ. ಲಗೂನ ಬರ್ರಿ."

ಅತ್ತೆ ಗುರುಶಾಂತವ್ವ ಸಂಜೆಯೊಳಗೆ ಬಂದರು. ಕಂಕುಳಲ್ಲಿ ಟ್ರಂಕಿನ ಆ ಹಸಿರು ಸೀರೆ, ಚೀಲದಲ್ಲಿ ಬಳೆ, ತೆಂಗಿನಕಾಯಿ, ಬುತ್ತಿ.

"ಹೊಟ್ಟಿ ಇಲ್ದಾಕಿಗೆ ಎಂಥಾ ಕುಬಸ ಅಂತ ಮಂದಿ ನಗತಾರಂತ ಅಂಜಿದ್ದೆ, ಡಾಕ್ಟರ. ಮಂದಿ ಬಾಯಾಗ ಮಣ್ಣ ಬೀಳ್ಲಿ. ಎಲ್ಲಿ ಕುಂಡ್ರಸಬೇಕ್ ಹೇಳ್ರಿ ನಮ್ಮ ಬಸರೀನ್ನ."

ಸೋಂಕಿನ ಭಯಕ್ಕೆ ಗಾಜಿನ ಕೋಣೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಸೋಂಕು ತಡೆಯುವ ಪೊರೆಯೇ ಇರುವಾಗ ಆ ನಿಯಮ ಯಾತಕ್ಕೆ ಎಂದು ಅದನ್ನು ಮಾಡಿದ ಶಾರ್ವರಿಗೇ ಆಗ ಹೊಳೆಯಿತು. ಬಾಗಿಲು ತೆರೆದು, ಕೈ ತೊಳೆಸಿ, ಚೀಲದ ಪಕ್ಕದಲ್ಲೇ ಕುರ್ಚಿ ಹಾಕಿಸಿದರು.

"ಆರತಿ ಮಾತ್ರ ಬ್ಯಾಡ್ರೀ. ಇಲ್ಲಿ ಬೆಂಕಿ ಹಚ್ಚಬಾರದು."

"ಆತ್ ಬಿಡ್ರಿ, ದೀಪ ಹಚ್ಚದನ ಬೆಳಗತೇನಿ. ದೇವರಿಗೇನ್ ತಿಳಿಯಂಗಿಲ್ಲೇನು?"

ಉಡಿ ತುಂಬಿದ ಮೇಲೆ ಸುನಿಧಿ ಪೊರೆಗೆ ಅಂಗೈ ಹಚ್ಚಿದಳು. ಹಸಿರು ಬಳೆಗಳು ಸಪ್ಪಳ ಮಾಡಿದವು. ಕೂಸು ಅಲುಗಲೂ ಇಲ್ಲ, ನಿದ್ದೆಯಲ್ಲಿತ್ತು.

"ನಿದ್ದಿ ಥೇಟ್ ಅಪ್ಪಂದ," ಎಂದು ನಕ್ಕವಳು ಹಾಗೇ ಅತ್ತುಬಿಟ್ಟಳು. ಅತ್ತೆ ಬುತ್ತಿ ಬಿಚ್ಚಿ ತುತ್ತು ಮಾಡಿ ಬಾಯಿಗಿಟ್ಟರು. ಪೊರೆ ಒಡೆಯುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

2061ರ ಆ ಮರುಪೊರೆಗೆ ನಾವು ಇನ್ನೂ ಎಷ್ಟೋ ವರ್ಷ ಕಾಯಬೇಕು. ಬೆಂಚು ಮಾತ್ರ ಈಗಲೇ ಇದೆ. ತಿಂಗಳು ತುಂಬದ ಕೂಸುಗಳನ್ನಿಟ್ಟ ಗಾಜಿನ ಕೋಣೆಗಳ ಹೊರಗೆ ಇವತ್ತೂ ಒಬ್ಬಳು ಕೂತಿರುತ್ತಾಳೆ. ಕೂಸಿನ ತೂಕ ಎಷ್ಟೆಂದು ನಾವೆಲ್ಲ ಕೇಳುತ್ತೇವೆ. ನಿನ್ನ ಊಟವಾಯಿತೇನವ್ವಾ ಎಂದು ಅವಳನ್ನು ಕೇಳಿದವರು ಯಾರು?