ಒಂಬತ್ತನೆಯ ಆಟ

"ಬರಬಾರದಪ್ಪಾ, ಅಂವ ಬರಬಾರದು!" ಹನಮೇಶಣ್ಣ ಬಾಗಿಲ ಕಡೆ ನೋಡುತ್ತ ಪಿಸುಗುಟ್ಟಿದ. "ಇನ್ನ ಇಪ್ಪತ್ತ ನಿಮಿಷ. ಆಮ್ಯಾಲೆ ಪಾಯಿಂಟೂ ನಮ್ದು, ಕಪ್ಪೂ ನಮ್ದು!"

ಅವನ ತಂಗಿ ಸುಮಲತಾಳ ಎದುರಿನ ಕುರ್ಚಿ ಖಾಲಿ. ಬಿಳಿ ಪ್ಯಾದೆ ನಡೆಸಿ, ಚೆಸ್ ಗಡಿಯಾರದ ಗುಂಡಿ ಒತ್ತಿ ಆಗಲೇ ನಲವತ್ತು ನಿಮಿಷ. ರಾಯಾಪುರ ತಂಡದ ಮಕಬೂಲಸಾಬ ಕಾಕಾ ಒಂದು ತಾಸಿನೊಳಗೆ ಬಾರದಿದ್ದರೆ ಅವಳೇ ಗೆದ್ದಂತೆ.

ಅಯ್ಯೋ, ಅದೇ ಅವಳ ಸಂಕಟ! ರೇಟಿಂಗ್ ಇದ್ದವರ ಜೊತೆ ಒಂಬತ್ತು ಆಟ ಆಡಿದರೆ ಅವಳಿಗೂ ಆಟದ ಮಟ್ಟ ಅಳೆಯುವ ಇಂಟರ್‌ನ್ಯಾಷನಲ್ ರೇಟಿಂಗ್ ಬರುತ್ತಿತ್ತು. ಈ ಲೀಗಿನಲ್ಲಿ ಎಂಟು ಆಗಿದ್ದವು. ಮೂರು ಗೆದ್ದು ಐದು ಸೋತಿದ್ದಳು. ಇವತ್ತು ಕೊನೆಯ ರೌಂಡ್. ಇನ್ನು ಲೀಗ್ ಅಂದರೆ ಮುಂದಿನ ಬೇಸಿಗೆಗೇ.

"ಸರ್, ಅವರು ಬರಲಿಲ್ಲಂದ್ರ?" ಎಂದು ಪಂದ್ಯ ನಡೆಸುವ ಕುಮಾರಸ್ವಾಮಿ ಸರ್ ಅವರನ್ನು ಕೇಳಿದ್ದಳು.

"ಪಾಯಿಂಟ್ ನಿಮ್ಮ ಟೀಮಿಗೆ ಬರತೈತವಾ. ಆದ್ರ ಆಡದ ಆಟ ರೇಟಿಂಗಿಗೆ ಹಿಡಿಯೂದಿಲ್ಲ," ಎಂದಿದ್ದರು ಅವರು.

ಮೇಲೆ ಫ್ಯಾನು ಗಿರಗಿರ. ಕೇಶ್ವಾಪುರದ ಮಧ್ಯಾಹ್ನದ ಸೆಕೆಗೆ ಅವಳ ಕಣ್ಣು ಅರ್ಧ ಮುಚ್ಚಿತು. ಕರಿ ಕುದುರೆ ಬೋರ್ಡಿನಿಂದ ಟಣ್ಣನೆ ಜಿಗಿದು ಕಿಟಕಿ ದಾಟಿತು. ಎರಡು ಹೆಜ್ಜೆ ನೇರ, ಒಂದು ಹೆಜ್ಜೆ ಪಕ್ಕಕ್ಕೆ. ಸಿಟಿ ಬಸ್ಸುಗಳ ತಲೆಯ ಮೇಲಿಂದ, ಉಣಕಲ್ ಕೆರೆಯ ನೀರಿನ ಮೇಲಿಂದ ಹೊರಟೇ ಹೊರಟಿತು. ನೀರಿನಲ್ಲೂ ಅರವತ್ನಾಲ್ಕು ಮನೆ, ಒಂದು ಬಿಸಿಲಿನದು, ಒಂದು ನೆರಳಿನದು. ರಾಯಾಪುರಕ್ಕೆ ಹೋಗಿ ಕಾಕಾನನ್ನು ಬೆನ್ನ ಮೇಲೆ ಕೂರಿಸಿಕೊಂಡು ಬಾ, ಲಗೂ ಬಾ!

ಎಷ್ಟು ಹೊತ್ತಾಯಿತೋ. ಕುದುರೆ ಬಂತೇನೋ ಎಂಬಂತೆ ಅವಳು ಎದ್ದು ಕಿಟಕಿಗೆ ಹೋದಳು. ನೋಡಿದರೆ, ಕೆಳಗೆ ಚಹಾ ಅಂಗಡಿಯ ಬೆಂಚಿನ ಮೇಲೆ ಮಕಬೂಲಸಾಬ ಕಾಕಾ! ಬಸಿ ತಟ್ಟೆಗೆ ಚಹಾ ಸುರಿದುಕೊಂಡು ಆರಾಮಾಗಿ ಊದುತ್ತಿದ್ದರು. ಕೊನೆಯ ರೌಂಡ್ ಒಂದು ತಾಸು ಮೊದಲೇ ಶುರು ಎಂದು ನಿನ್ನೆ ಸಂಜೆ ಅಂಟಿಸಿದ ನೋಟೀಸನ್ನು ಆ ಮಹಾರಾಯರು ಓದಿಯೇ ಇರಲಿಲ್ಲ.

ಹನಮೇಶಣ್ಣ ಪಕ್ಕಕ್ಕೆ ಬಂದು ಇಣುಕಿದ. ಅವನ ಮುಖದ ಬಣ್ಣವೇ ಹೋಯಿತು.

"ಸುಮಿ, ತುಟಿ ಪಿಟಕ್ ಅನಬ್ಯಾಡ. ಹೋಗಿ ಕುಂದ್ರ. ಮೂರು ವರ್ಷದಿಂದ ಈ ಕಪ್ಪಿಗೆ ಬಡದಾಡಾಕತ್ತೇವಿ."

ಸುಮಲತಾ ಅಣ್ಣನನ್ನು ನೋಡಿದಳು. ಗಡಿಯಾರ ನೋಡಿದಳು. ಕಿಟಕಿಯಿಂದ ಆಚೆ ಬಾಗಿದಳು.

"ಮಕಬೂಲ ಕಾಕಾ! ನಿಮ್ಮ ಗಡಿಯಾರ ಓಡಾಕತ್ತೈತ್ರೀ! ಲಗೂ ಬರ್ರೀ!"

ಇಡೀ ಹಾಲ್ ತಿರುಗಿ ನೋಡಿತು. "ಏ ಹುಡುಗಿ, ಇದೇನು ಸಂತಿ ಅಂತ ತಿಳದೀಯೇನು?" ಎಂದು ಸರ್ ಗದರಿದರು. ಕಾಕಾ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತಾಗ ಎರಡೇ ನಿಮಿಷ ಉಳಿದಿತ್ತು.

"ಭಾಳ ಉಪಕಾರ ಆತು, ಬೇಟಾ," ಎಂದರು.

ಸುಮಲತಾಗೆ ನಾಚಿಕೆಯಾಯಿತು. "ಉಪಕಾರ ಅಲ್ರಿ ಕಾಕಾ. ನನ್ನ ರೇಟಿಂಗ್ ಸಲುವಾಗಿ ಕರದೇನ್ರಿ."

ಕಾಕಾ ನಕ್ಕು ಕರಿ ಪ್ಯಾದೆ ಮುಂದಿಟ್ಟರು.

ಅರ್ಧ ಟೈಮು ಕಳೆದುಕೊಂಡ ಮುದುಕರು ಸೋಲುತ್ತಾರೆ ಅಂದುಕೊಂಡಿರಾ? ಛೇ, ಎಲ್ಲಿಯ ಮಾತು! ಎರಡು ತಾಸು ಗುದ್ದಾಡಿ ಗೆದ್ದೇ ಎದ್ದರು. ಕಪ್ ರಾಯಾಪುರಕ್ಕೆ ಹೋಯಿತು.

ಗೋಪನಕೊಪ್ಪದ ದಾರಿಯಲ್ಲಿ ಹನಮೇಶಣ್ಣ ಸೈಕಲ್ ತುಳಿಯುತ್ತಿದ್ದ. ಹಿಂದೆ ಕ್ಯಾರಿಯರ್ ಮೇಲೆ ಕೂತ ಸುಮಲತಾಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು.

"ಅಣ್ಣಾ, ಸಿಟ್ಟಾಗೀಯೇನು?"

"ಮಾತಾಡಸಬ್ಯಾಡ ನನ್ನ."

ಅವಳು ಕಣ್ಣು ಮುಚ್ಚಿದಳು. ಒಳಗೆ ಬೋರ್ಡ್ ಹಾಗೇ ಇತ್ತು, ಪ್ರತಿಯೊಂದು ಕಾಯಿ ತನ್ನ ಮನೆಯಲ್ಲಿ. ರೇಟಿಂಗ್ ಬರುತ್ತದೆ, ಖರೇ. ಆದರೆ ಕಾಕಾ ಎದುರಿಗೆ ಕೂತ ಮೇಲೆ ಆ ಎರಡು ತಾಸಿನಲ್ಲಿ ಅದು ತನಗೆ ಒಮ್ಮೆಯೂ ನೆನಪಾಗಲಿಲ್ಲವಲ್ಲ! ಅವಳಿಗೇ ಸೋಜಿಗವಾಯಿತು.

"ಅಲ್ಲಣ್ಣಾ, ಕಡೀಕ ನಾ ಆನಿ ಮುಂದ ತರಬಾರದಿತ್ತೇನು?"

ತಿರುವು ಬಂತು, ಹೋಯಿತು. ಸೈಕಲ್ ನಿಧಾನವಾಯಿತು.

"ಆನಿ ಅಲ್ಲ, ಒಂಟಿ," ಎಂದ ಹನಮೇಶಣ್ಣ. "ಒಂಟಿ ಹಿಂದಕ್ಕ ತಂದಿದ್ರ ನೀನ ಗೆಲ್ತಿದ್ದಿ. ಉಸುರು ಬಿಗಿಹಿಡದು ನೋಡಾಕತ್ತಿದ್ನೆಲ್ಲ ನಾ! ಮನಿಗೆ ಹೋಗಿ ಬೋರ್ಡ್ ತಗಿ, ತೋರಸ್ತೇನಿ."