ಸೋಂಬೇರಿ ಸ್ಯಾಮ್ ಕಟ್ಟಿದ ಸೀಗಲ್

ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರೂ ಟಿಲ್ಡಾಗೆ ನಗು ತಡೆಯಲಾಗಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಸೀಗಲ್ ಹಕ್ಕಿ ರೆಕ್ಕೆ ಬಡಿಯುತ್ತ ಫ್ರೆಂಚ್ ಫ್ರೈಸ್ ಕದಿಯಲು ಹೊರಟಿತ್ತು. ಮೈಯೆಲ್ಲ ಹಕ್ಕಿಯದೇ. ತಲೆ ಮಾತ್ರ ಓಡೆಲ್‌ನದು!

ಅದೂ ಎಂಥ ತಲೆ! ನಡುನೆತ್ತಿಯಲ್ಲಿ ಬಿಸ್ಕತ್ತಿನಗಲ ಬೋಳು.

ಭಾನುವಾರ ಓಡೆಲ್ ಅಡುಗೆಮನೆಯ ಕತ್ತರಿ ಹಿಡಿದು ತನ್ನ ಕೂದಲು ತಾನೇ ಕತ್ತರಿಸಿಕೊಂಡಿದ್ದ. ಅವತ್ತಿನಿಂದ ಉಣ್ಣೆಯ ಟೋಪಿ ತಲೆಯಿಂದ ಇಳಿದಿರಲಿಲ್ಲ. ಟೀಚರ್ ಕೇಳಿದರೆ ಕಿವಿನೋವು ಎಂದಿದ್ದ, ಮನೆಯಲ್ಲಿ ಕೇಳಿದರೆ ಚಳಿ ಎಂದಿದ್ದ. ಟಿಲ್ಡಾ ಒಬ್ಬಳಿಗೆ ಮಾತ್ರ, ಲೈಬ್ರರಿಯ ಕಪಾಟಿನ ಹಿಂದೆ ಕರೆದು, ಟೋಪಿ ಎತ್ತಿ ತೋರಿಸಿದ್ದ.

"ಯಾರಿಗೂ ಹೇಳ್ಬೇಡ ಕಣೇ. ಅದ್ರಲ್ಲೂ ನಮ್ಮಣ್ಣಂದಿರಿಗೆ!"

ಟಿಲ್ಡಾ ಬಿದ್ದು ಬಿದ್ದು ನಕ್ಕು, ಟ್ಯಾಬ್ಲೆಟ್‌ನಲ್ಲಿ ಟಕ್ಕೆಂದು ಒಂದು ಫೋಟೋ ತೆಗೆದಿದ್ದಳು.

"ಏಯ್, ಡಿಲೀಟ್ ಮಾಡೇ!"

"ಆಯ್ತು ಮಾರಾಯ, ಮಾಡ್ತೀನಿ," ಎಂದಿದ್ದಳು. ಮಾಡಿರಲಿಲ್ಲ.

ದೊಡ್ಡ ಸರೋವರದ ದಡದ ಡುಲುತ್ ಊರಿನ ಪೈನ್ ಸ್ಟ್ರೀಟ್ ಲೈಬ್ರರಿಯ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಕೋಡಿಂಗ್ ಕ್ಲಬ್. ಈ ಸಲ ಆರು ಮಕ್ಕಳು ಸೇರಿ ಒಂದು ಆಟ ಮಾಡುತ್ತಿದ್ದರು. ಓಡೆಲ್‌ನದು ಚಿತ್ರ, ಇನ್ನೊಬ್ಬರದು ಸದ್ದು, ಮತ್ತೊಬ್ಬರದು ಅಂಕ. ಬಿಡಿಬಿಡಿಯಾಗಿದ್ದ ಇದನ್ನೆಲ್ಲ ಜೋಡಿಸಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಬರೆದು ಅದಕ್ಕೆ ಸ್ಯಾಮ್ ಎಂದು ಹೆಸರಿಟ್ಟಿದ್ದರು. ಅದರ ಉಸ್ತುವಾರಿ ಟಿಲ್ಡಾಳದು. "ಸ್ಯಾಮ್, ಕಟ್ಟು" ಎಂದು ಟೈಪ್ ಮಾಡಿದರೆ ಸಾಕು, ಅದು ಎಲ್ಲರ ಕೆಲಸವನ್ನೂ ಹೆಕ್ಕಿ ತಂದು, ಒಂದರ ಹಿಂದೆ ಒಂದು ಜೋಡಿಸಿ, ಆಟ ಕಟ್ಟಿಕೊಡುತ್ತಿತ್ತು.

ಆದರೆ ಸ್ಯಾಮ್ ಮಹಾ ಮೈಗಳ್ಳ. ಯಾವ ಚಿತ್ರ ಬದಲಾಗಿದೆಯೋ ಅದನ್ನಷ್ಟೇ ಮತ್ತೆ ಮುಟ್ಟುತ್ತಿದ್ದ. ಯಾವುದೂ ಬದಲಾಗದಿದ್ದರೆ, "ಎಲ್ಲಾ ಹಂಗೇ ಇದೆ. ಸುಮ್ನೆ ಯಾಕೆ ಮೈ ನೋಯಿಸ್ಕೊಳ್ಲಿ?" ಎಂದು ಬರೆದು ಮಲಗಿಬಿಡುತ್ತಿದ್ದ. ಆ ಮಾತು ಕಲಿಸಿದವರೂ ಈ ಮಕ್ಕಳೇ. ಹಾಗಾಗಿ ಅವನಿಗೆ ಸೋಂಬೇರಿ ಸ್ಯಾಮ್ ಎಂದೇ ಹೆಸರು.

ಇವತ್ತು ಆಟದ ಪ್ರದರ್ಶನ. ಬೆಳಿಗ್ಗೆಯಿಂದ ಓಡೆಲ್‌ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹನ್ನೊಂದನೇ ಸಲ ಸೀಗಲ್‌ನ ಕೊಕ್ಕಿಗೆ ಬಣ್ಣ ಬದಲಿಸಿ, "ನನ್ನ ಸೀಗಲ್ ನೋಡಿದ್ರೆ ಆಚೆ ಇರೋ ಸೀಗಲ್‌ಗಳೇ ನಾಚ್ಕೋಬೇಕು" ಎಂದು ಬೀಗುತ್ತ ಮೇಲಿನ ಹಾಲ್‌ನಲ್ಲಿ ಕುರ್ಚಿ ಹಾಕಲು ಹೋದ.

ಟಿಲ್ಡಾಳ ಬೆರಳು ಸುಮ್ಮನಿರಬೇಕಲ್ಲ! ಸ್ಕ್ರಿಪ್ಟ್‌ಗೆ ಒಂದು ಸಾಲು ಸೇರಿಸಿದಳು: ಸೀಗಲ್ ತಂದ ಮೇಲೆ ಅದರ ತಲೆಗೆ ಈ ಫೋಟೋ ಅಂಟಿಸು. ಕೊಕ್ಕಿನ ಬಣ್ಣ ಬದಲಾಗಿತ್ತಲ್ಲ, ಸ್ಯಾಮ್ ಎದ್ದು ಹೇಳಿದಂತೆ ಮಾಡಿದ. ಓಡೆಲ್‌ಗೆ ಒಬ್ಬನಿಗೇ ತೋರಿಸುವುದು, ಅವನ ಮುಖ ನೋಡಿ ನಗುವುದು, ಆಮೇಲೆ ಆ ಸಾಲು ಅಳಿಸುವುದು. ಇಷ್ಟೇ ಅವಳ ಲೆಕ್ಕಾಚಾರ.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಲೈಬ್ರರಿಯ ಮಿಸ್ ಪ್ರೂಯಿಟ್ ಕೂಗಿದರು. "ಟಿಲ್ಡಾ, ಆಟ ರೆಡಿನಾ? ಜನ ಬಂದಾಯ್ತು. ಹದಿನೈದು ನಿಮಿಷಕ್ಕೆ ದೊಡ್ಡ ಪರದೆ ಮೇಲೆ ಹಾಕೋಣ. ಓಡೆಲ್‌ನ ಅಣ್ಣಂದಿರು ಮೂರೂ ಜನ ಬಂದಿದಾರೆ!"

ಟಿಲ್ಡಾಳ ನಗು ಅಲ್ಲೇ ನಿಂತಿತು. ಗಡಿಬಿಡಿಯಲ್ಲಿ ಆ ಸಾಲು ಅಳಿಸಿ, "ಸ್ಯಾಮ್, ಕಟ್ಟು" ಎಂದು ಟೈಪ್ ಮಾಡಿದಳು.

"ಎಲ್ಲಾ ಹಂಗೇ ಇದೆ. ಸುಮ್ನೆ ಯಾಕೆ ಮೈ ನೋಯಿಸ್ಕೊಳ್ಲಿ?"

ಆಟ ತೆರೆದು ನೋಡಿದಳು. ಬೋಳು ನೆತ್ತಿಯ ಸೀಗಲ್ ಆರಾಮಾಗಿ ಹಾರುತ್ತಿತ್ತು.

"ಏಯ್ ಸೋಂಬೇರಿ, ಏಳೋ! ಕಟ್ಟೋ!"

"ಎಲ್ಲಾ ಹಂಗೇ ಇದೆ..."

ಟಿಲ್ಡಾ ತಲೆ ಚಚ್ಚಿಕೊಂಡಳು. ಸ್ಯಾಮ್ ನೋಡುವುದು ಓಡೆಲ್‌ನ ಚಿತ್ರ ಬದಲಾಗಿದೆಯೋ ಇಲ್ಲವೋ ಎಂದು ಮಾತ್ರ. ಸ್ಕ್ರಿಪ್ಟ್ ಬದಲಾಗಿದ್ದು ಅವನಿಗೆ ಕಾಣುವುದೇ ಇಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣದ ಮೇಲೇ ಕಣ್ಣು!

ಕಟ್ಟಿದ್ದನ್ನೆಲ್ಲ ಅಳಿಸಿ ಸ್ಯಾಮ್‌ನಿಂದ ಮೊದಲಿಂದ ಕಟ್ಟಿಸಲು "ಎಲ್ಲ ಅಳಿಸು" ಎಂಬ ಇನ್ನೊಂದು ಆಜ್ಞೆ ಇತ್ತು. ಹೋದ ತಿಂಗಳು ಅದನ್ನು ತಮಾಷೆಗೆ ಒತ್ತಿ ಉಳಿದ ಐದೂ ಜನರನ್ನು ಗೊಳೋ ಎಂದು ಅಳಿಸಿದ್ದು ಟಿಲ್ಡಾಳೇ. ಮಿಸ್ ಪ್ರೂಯಿಟ್ ಅವತ್ತೇ ಅದಕ್ಕೆ ಪಾಸ್‌ವರ್ಡ್ ಹಾಕಿದ್ದರು. "ಇನ್ನೊಂದ್ಸಲ ಸ್ಯಾಮ್ ಜೊತೆ ಚೇಷ್ಟೆ ಮಾಡಿದ್ರೆ ಕ್ಲಬ್‌ನಿಂದ ಆಚೆ, ತಿಳೀತಾ?" ಎಂದೂ ಹೇಳಿದ್ದರು.

ಉಳಿದದ್ದು ಒಂದೇ ದಾರಿ. ಸೀಗಲ್ ಚಿತ್ರ ಒಂದು ಚುಕ್ಕೆಯಷ್ಟಾದರೂ ಬದಲಾಗಬೇಕು. ಅದನ್ನು ತೆರೆಯುವ ಪಾಸ್‌ವರ್ಡ್ ಓಡೆಲ್ ಹತ್ತಿರ ಮಾತ್ರ ಇತ್ತು.

ಓಡೆಲ್ ಮೇಲೆ ನಿಂಬೆ ಕೇಕಿನ ತುಂಡು ತಿನ್ನುತ್ತ ನಿಂತಿದ್ದ.

"ಓಡೆಲ್, ಸೀಗಲ್‌ಗೆ ಒಂದೇ ಒಂದು ಚುಕ್ಕೆ ಇಡ್ತೀಯಾ?"

"ಎಲ್ಲಿ?"

"ಎಲ್ಲಾದ್ರೂ."

"ತಲೆ ಕೆಟ್ಟಿದೆಯೇನೇ? ಅದು ಪರ್ಫೆಕ್ಟ್ ಆಗಿದೆ."

"ರೆಕ್ಕೆ ಕೆಳಗಿಡು, ಯಾರಿಗೂ ಕಾಣ್ಸಲ್ಲ."

"ಯಾರಿಗೂ ಕಾಣ್ಸದೇ ಇರೋ ಚುಕ್ಕೆ ಯಾಕ್ ಬೇಕು?"

"ಪಾಸ್‌ವರ್ಡ್ ಹೇಳು ಸಾಕು, ನಾನೇ ಇಡ್ತೀನಿ."

"ನಿಂಗಾ? ಹೋದ್ಸಲ ನನ್ನ ಮೀನಿಗೆ ಮೀಸೆ ಬರ್ದೋಳು ಯಾರಮ್ಮ?"

ಬರೆದವಳು ಟಿಲ್ಡಾಳೇ.

ಅಷ್ಟರಲ್ಲಿ ಓಡೆಲ್‌ನ ದೊಡ್ಡಣ್ಣ, ಐಸ್ ಹಾಕಿ ಆಟ ಆಡಿ ಆಡಿ ಬಾಗಿಲಿನಷ್ಟು ಅಗಲವಾಗಿದ್ದವನು, ಹಿಂದಿನಿಂದ ಬಂದ. "ಏನೋ ಟೋಪಿ ಸಾಹೇಬ, ಒಳಗೆ ಮೊಟ್ಟೆ ಇಟ್ಕೊಂಡಿದೀಯಾ?" ಎಂದು ಟೋಪಿಗೆ ಕೈ ಹಾಕಿದ. ಓಡೆಲ್ ಕೇಕು ಬೀಳಿಸಿ, ಎರಡೂ ಕೈಯಲ್ಲಿ ಟೋಪಿ ಒತ್ತಿ ಹಿಡಿದುಕೊಂಡ. ಅವನ ಕಿವಿ ಕೆಂಪಾಯಿತು. ಅಣ್ಣ ನಗುತ್ತ ಹೋದ.

ಟಿಲ್ಡಾ ಬಗ್ಗಿ, ಬಿದ್ದ ಕೇಕು ಎತ್ತಿದಳು.

"ಓಡೆಲ್," ಎಂದಳು ಮೆಲ್ಲಗೆ. "ಆ ಫೋಟೋ ನಾನು ಡಿಲೀಟ್ ಮಾಡ್ಲಿಲ್ಲ."

ಇಬ್ಬರೂ ಕೆಳಗೆ ಬಂದರು. ಕಂಪ್ಯೂಟರ್ ಪರದೆ ನೋಡಿ ಓಡೆಲ್ ಕಿರುಚಲಿಲ್ಲ. ಕಿರುಚಿದ್ದರೇ ಚೆನ್ನಾಗಿತ್ತು.

"ಮಾಡ್ತೀನಿ ಅಂತ ಹೇಳಿದ್ದೆ ನೀನು," ಎಂದನಷ್ಟೆ.

"ಸಾರಿ ಕಣೋ. ನಾವಿಬ್ರೇ ನೋಡಿ ನಗೋಣ ಅಂತ..."

"ನಂಗೆ ನಗು ಬರ್ತಾ ಇಲ್ಲ."

ಪಾಸ್‌ವರ್ಡ್ ಹಾಕಿ ತನ್ನ ಚಿತ್ರ ತೆರೆದ. ಕುಂಚದಲ್ಲಿ ಕೊಕ್ಕಿಗೆ ಬಳಿದ ಕೆಂಪು ಬಣ್ಣವೇ ಇನ್ನೂ ಇತ್ತು. ಅದರಲ್ಲೇ ಸೀಗಲ್‌ನ ಕಣ್ಣ ಕೆಳಗೆ ಒಂದು ಚುಕ್ಕೆ ಇಟ್ಟ.

"ಅಲ್ಯಾಕೋ? ಎಲ್ರಿಗೂ ಕಾಣ್ಸತ್ತೆ."

"ಕಾಣ್ಸಲಿ."

ಟಿಲ್ಡಾ "ಸ್ಯಾಮ್, ಕಟ್ಟು" ಎಂದು ಟೈಪ್ ಮಾಡಿದಳು.

"ಓಹೋ, ಏನೋ ಬದಲಾಗಿದೆ! ಎದ್ದೆ, ಎದ್ದೆ!"

ಸೀಗಲ್‌ಗೆ ಅದರ ತಲೆ ವಾಪಸ್ಸು ಬಂತು.

ದೊಡ್ಡ ಪರದೆಯ ಮೇಲೆ ಆಟ ಶುರುವಾದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಊರಿನಲ್ಲಿ ಸೀಗಲ್‌ಗೆ ಫ್ರೈಸ್ ಕಳೆದುಕೊಳ್ಳದವರು ಯಾರಿದ್ದಾರೆ? ಟಿಲ್ಡಾಗೆ ಮಾತ್ರ ಆ ಚುಕ್ಕೆ ಬಿಟ್ಟು ಬೇರೇನೂ ಕಾಣಲಿಲ್ಲ.

ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಬೆರಳು ಚಾಚಿದಳು. "ಹಕ್ಕಿ ಕಣ್ಣ ಕೆಳಗೆ ಏನದು? ಅಳ್ತಾ ಇದೆಯಾ?"

"ಹೌದಲ್ಲ," ಎಂದರು ಮಿಸ್ ಪ್ರೂಯಿಟ್. "ಬೆಳಿಗ್ಗೆ ಇರ್ಲಿಲ್ಲ ಅದು. ಏನಾಯ್ತು ಓಡೆಲ್?"

ಸ್ಯಾಮ್‌ನನ್ನು ಕೆಡಿಸಿದ್ದು ಟಿಲ್ಡಾ ಎಂದು ಅವನು ಹೇಳಿದರೆ ಸಾಕಿತ್ತು, ಅವಳು ಕ್ಲಬ್‌ನಿಂದ ಆಚೆ. ಓಡೆಲ್ ಒಂದು ಗಳಿಗೆ ಅವಳನ್ನೇ ನೋಡಿದ.

"ಕೆಚಪ್ ಮಿಸ್," ಎಂದ. "ಫ್ರೈಸ್ ಕದಿಯೋವಾಗ ಸಿಡಿದಿದ್ದು."

ಎಲ್ಲರೂ ಮತ್ತೆ ಗೊಳ್ಳೆಂದರು. ಅವನ ಅಣ್ಣಂದಿರ ನಗುವೇ ಎಲ್ಲಕ್ಕಿಂತ ಜೋರು. ಟಿಲ್ಡಾಗೆ ಮಾತ್ರ ನಗು ಬರಲಿಲ್ಲ. ಅವಳ ಗುಟ್ಟನ್ನು ಅವನು ಬಿಟ್ಟುಕೊಟ್ಟಿರಲಿಲ್ಲ.

ಅವಳು ಹೋಗಿ ಅವನ ಪಕ್ಕ ಕೂತಳು. ಟ್ಯಾಬ್ಲೆಟ್ ತೆಗೆದು ಆ ಫೋಟೋ ಅಳಿಸಿದಳು.

"ಟ್ಯಾಬ್ಲೆಟ್‌ನ ಕಸದ ಬುಟ್ಟೀಲಿ ಇನ್ನೂ ಇರತ್ತೆ ಕಣೇ," ಎಂದು ಓಡೆಲ್ ಅವಳ ಕಡೆ ತಿರುಗದೆಯೇ ಪಿಸುಗುಟ್ಟಿದ.

ಅವಳು ಅಲ್ಲಿಂದಲೂ ಅಳಿಸಿ, ಟ್ಯಾಬ್ಲೆಟ್ ಅವನ ಮುಂದೆ ಹಿಡಿದಳು. ಓಡೆಲ್ ತಾನೇ ಬೆರಳು ಆಡಿಸಿ ಒಮ್ಮೆ ಹುಡುಕಿದ. ನಂಬಿಕೆ ಬರಲಿಲ್ಲವೇನೋ, ಮೊದಲಿಂದ ಇನ್ನೊಮ್ಮೆ ಹುಡುಕತೊಡಗಿದ. ಬೇರೆ ದಿನವಾಗಿದ್ದರೆ ಟಿಲ್ಡಾ ಜಗಳಕ್ಕೇ ನಿಲ್ಲುತ್ತಿದ್ದಳು. ಇವತ್ತು ಅವನು ಹುಡುಕಿ ಮುಗಿಸುವ ತನಕ ಟ್ಯಾಬ್ಲೆಟ್ ಹಿಡಿದುಕೊಂಡೇ ಕೂತಿದ್ದಳು.